ಹೊಳೆಯೇ ಹೊಲವಾದವರು

ಕುಷ್ಟಗಿ ತಾಲ್ಲೂಕಿನ ತಾವರಗೇರಾ ಹೂವಿನ ಹೆಸರು ಹೊತ್ತ ಊರು. ತಾವರೆ ಅರಳಬೇಕಾದರೆ ನೀರು ನಿಲ್ಲಬೇಕು. ಆದರೆ ಈ ಸೀಮೆಯ ರೈತ ನೀರಿಗಾಗಿ ಮುಗಿಲು ನೋಡುವುದೇ ಹೆಚ್ಚು. ಸಜ್ಜೆ, ಜೋಳ, ತೊಗರಿ, ಕಡಲೆಯ ಬಯಲು ಇದು. ಇಲ್ಲಿಯ ಶಾಲೆಯ ಹುಡುಗನೊಬ್ಬನಿಗೆ ದೋಣಿಯ ಚಿತ್ರ ಬರೆಯಲು ಹೇಳಿದರೆ ಅವನು ಪಠ್ಯಪುಸ್ತಕದಲ್ಲಿರುವ ಹಾಯಿದೋಣಿಯನ್ನು ಬರೆದಾನೇ ಹೊರತು, ತನ್ನ ಜಿಲ್ಲೆಯ ದೋಣಿಯನ್ನು ಬರೆಯುವುದು ಅನುಮಾನ. ತನ್ನ ಜಿಲ್ಲೆಗೆ ಒಂದು ದೋಣಿಯುಂಟು, ಅದು ಜಗತ್ತಿನ ಅತಿ ಹಳೆಯ ದೋಣಿಗಳ ಬಳಗಕ್ಕೆ ಸೇರಿದ್ದು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ನಕಾಶೆ ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತಾವರಗೇರಾದ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ನೆಲವನ್ನೇ ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆದವು. ದೋಆಬ್ ಎಂದರೆ ಎರಡು ನೀರಿನ ನಡುವಿನ ನಾಡು. ಬಹಮನಿಗಳೂ ವಿಜಯನಗರದ ಅರಸರೂ ಇದಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. ಈ ನಾಡಿನಿಂದ ದಕ್ಷಿಣಕ್ಕೋ ಉತ್ತರಕ್ಕೋ ಹೊರಟ ಯಾರಿಗೇ ಆಗಲಿ, ರಾಜನಾಗಲಿ ಎಮ್ಮೆ ಮಾರಲು ಹೊರಟವನಾಗಲಿ, ಒಂದಲ್ಲ ಒಂದು ಕಡೆ ಹೊಳೆ ಅಡ್ಡ ಬರುತ್ತಿತ್ತು. ಅಲ್ಲಿ ದಡದಲ್ಲಿ ಒಬ್ಬ ಅಂಬಿಗ ಕೂತಿರುತ್ತಿದ್ದ. ಅವನ ಮುಂದೆ ಒಂದು ದೊಡ್ಡ ಬುಟ್ಟಿ ಬೋರಲು ಬಿದ್ದಿರುತ್ತಿತ್ತು.

ಅದೇ ಹರಿಗೋಲು. ಆಡುಮಾತಿನಲ್ಲಿ ಅರಗೋಲು, ಪುಟ್ಟಿ, ಕೆಲವು ಕಡೆ ತೆಪ್ಪ.

1520ರ ಸುಮಾರಿಗೆ ಡೊಮಿಂಗೋ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದ. ಕೃಷ್ಣದೇವರಾಯನ ದರ್ಬಾರು, ಮಹಾನವಮಿಯ ವೈಭವ, ಪೇಟೆಯ ಮುತ್ತುರತ್ನ ಇವನ್ನೆಲ್ಲ ಬರೆದವನು ಆನೆಗೊಂದಿಯ ಕಡೆಗೆ ಹೊಳೆ ದಾಟುವ ದೋಣಿಯನ್ನೂ ಬಿಡದೆ ಬರೆದಿಟ್ಟ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟಬಹುದು, ಹುಟ್ಟು ಹಾಕಿದಂತೆಲ್ಲ ದೋಣಿ ಸುತ್ತುತ್ತಲೇ ಸಾಗುತ್ತದೆ ಎಂಬುದು ಅವನ ವರದಿಯ ಸಾರಾಂಶ. ರಾಜ್ಯದ ಹೊಳೆಗಳಲ್ಲೆಲ್ಲ ಇವೇ ದೋಣಿಗಳು, ಬೇರೆಯವಿಲ್ಲ ಎಂದೂ ಆತ ಸೇರಿಸಿದ್ದಾನೆ.

ಕಾಲದ ಒಂದು ಸ್ವಾರಸ್ಯ ನೋಡಿ. ಸರಿಸುಮಾರು ಅದೇ ದಿನಗಳಲ್ಲಿ, 1521ರಲ್ಲಿ, ಇನ್ನೊಬ್ಬ ಯುರೋಪಿಯನ್ ಭೂಮಿಯ ಇನ್ನೊಂದು ಮಗ್ಗುಲಲ್ಲಿ ನೀರಿನ ಮೇಲಿನ ಜನರ ಬಗ್ಗೆ ಟಿಪ್ಪಣಿ ಮಾಡುತ್ತಿದ್ದ. ಅವನು ಆಂಟೋನಿಯೋ ಪಿಗಫೆಟ್ಟಾ. ಮೆಗಲನ್ನನ ಹಡಗುಗಳ ಜೊತೆ ಭೂಪ್ರದಕ್ಷಿಣೆಗೆ ಹೊರಟಿದ್ದ ಇಟಲಿಯವನು. ಈಗಿನ ಫಿಲಿಪೀನ್ಸ್ ದೇಶದ ದಕ್ಷಿಣದ ದ್ವೀಪಗಳ ಬಳಿ ದೋಣಿಯಲ್ಲೇ ಮನೆ ಮಾಡಿಕೊಂಡು ಬದುಕುವ ಜನರನ್ನು ಕಂಡು ಆತ ಬೆರಗಾದ. ಬಜಾವ್ ಎಂದು ಇಂದು ಜಗತ್ತು ಕರೆಯುವ ಜನಸಮುದಾಯದ ಹಿರಿಯರು ಅವರು ಎಂದು ಚರಿತ್ರಕಾರರು ಗುರುತಿಸುತ್ತಾರೆ. ಇಬ್ಬರು ಪ್ರವಾಸಿಗಳೂ ಪರಸ್ಪರ ಕಂಡವರಲ್ಲ. ಅವರು ಕಂಡ ಜನರಿಗೂ ಪರಸ್ಪರ ಸಂಬಂಧವಿಲ್ಲ. ಆದರೂ ಈ ಎರಡು ಜನಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಒಂದರಿಂದ ಇನ್ನೊಂದು ತಿಳಿಯಾಗುತ್ತದೆ.

ಬಜಾವ್ ಜನರ ನೆಲೆ ಫಿಲಿಪೀನ್ಸಿನ ಸುಲು ದ್ವೀಪಸ್ತೋಮ, ಮಲೇಷ್ಯಾದ ಸಬಾ ರಾಜ್ಯದ ಕರಾವಳಿ, ಇಂಡೊನೇಷ್ಯಾದ ಸುಲಾವೆಸಿ. ಲೆಪಾ ಎಂಬ ಕಟ್ಟಿಗೆಯ ದೋಣಿಯೇ ಅವರ ಸಾಂಪ್ರದಾಯಿಕ ಮನೆ. ಒಲೆ, ಹಾಸಿಗೆ, ಬಾಣಂತನ, ಮಕ್ಕಳ ಆಟ ಎಲ್ಲವೂ ಅದರಲ್ಲೇ. ಸತ್ತವರನ್ನು ಹೂಳಲು ಮತ್ತು ಸಿಹಿನೀರು, ಸೌದೆ ತರಲು ಮಾತ್ರ ನೆಲದ ಋಣ. ಈಗ ಹೆಚ್ಚಿನವರು ಆಳವಿಲ್ಲದ ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಗುಡಿಸಲುಗಳಿಗೋ ದಡದ ಊರುಗಳಿಗೋ ಬಂದಿದ್ದಾರೆ; ದೋಣಿಯಲ್ಲೇ ಪೂರ್ತಿ ಬದುಕುವವರು ಕೆಲವರು ಮಾತ್ರ ಉಳಿದಿದ್ದಾರೆ.

ಅವರ ಮುಳುಗು ವಿದ್ಯೆ ವಿಜ್ಞಾನಿಗಳನ್ನೂ ಕಾಡಿದೆ. ಆಮ್ಲಜನಕದ ಸಿಲಿಂಡರ್ ಇಲ್ಲ, ಯಂತ್ರವಿಲ್ಲ. ಕೈಯಲ್ಲಿ ಮಾಡಿದ ಮರದ ಕನ್ನಡಕ ಹಾಕಿಕೊಂಡು, ಸೊಂಟಕ್ಕೆ ಭಾರ ಕಟ್ಟಿಕೊಂಡು ಎಪ್ಪತ್ತು ಮೀಟರ್ ಆಳದವರೆಗೆ ಇಳಿಯಬಲ್ಲವರು ಅವರಲ್ಲಿದ್ದಾರೆ. 2018ರಲ್ಲಿ ಮೆಲಿಸ್ಸಾ ಇಲಾರ್ಡೋ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯ ಪ್ರಕಾರ ಬಜಾವ್ ಜನರ ಗುಲ್ಮ, ಅಂದರೆ ಸ್ಪ್ಲೀನ್, ನೆರೆಯ ಬೇಸಾಯಗಾರ ಜನರದ್ದಕ್ಕಿಂತ ಸುಮಾರು ಅರ್ಧಪಟ್ಟು ದೊಡ್ಡದು. ಉಸಿರು ಕಟ್ಟಿದಾಗ ಗುಲ್ಮ ಸಂಕುಚಿಸಿ ತನ್ನಲ್ಲಿರುವ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಗುಲ್ಮ ದೊಡ್ಡದಾದಷ್ಟೂ ಆಮ್ಲಜನಕದ ಬುತ್ತಿ ದೊಡ್ಡದು. ನೀರಿಗೆ ಇಳಿಯದ ಬಜಾವ್ ಜನರಲ್ಲೂ ಗುಲ್ಮ ದೊಡ್ಡದೇ ಇತ್ತು. ಅಂದರೆ ಇದು ಅಭ್ಯಾಸದಿಂದ ಬೆಳೆದದ್ದಲ್ಲ, ನೂರಾರು ತಲೆಮಾರುಗಳ ಕಾಲ ಸಮುದ್ರ ತಾನೇ ಆರಿಸಿ ಕೊಟ್ಟದ್ದು.

ತುಂಗಭದ್ರೆಯ ಅಂಬಿಗರ ಬಗ್ಗೆ ಇಂಥ ಮಾತು ಹೇಳಲು ಬರುವುದಿಲ್ಲ. ಅವರು ದೋಣಿಯಲ್ಲಿ ಮನೆ ಮಾಡಿದವರಲ್ಲ. ಅವರಿಗೆ ಊರುಂಟು, ಕೇರಿಯುಂಟು, ಗಂಗೆಯ ಪೂಜೆಯುಂಟು. ಗಂಗಾಮತ, ಅಂಬಿಗ, ಕಬ್ಬಲಿಗ, ಬೆಸ್ತ, ಸುಣಗಾರ, ಬಾರಕೇರ ಎಂದು ಊರಿಗೊಂದು ಸೀಮೆಗೊಂದು ಹೆಸರು. ಬೇಸಗೆಯಲ್ಲಿ ಮೀನು, ಮಳೆಗಾಲದಲ್ಲಿ ಹೊಳೆ ದಾಟಿಸುವುದು, ನಡುವೆ ಕೂಲಿ. ಹಲವು ಊರುಗಳಲ್ಲಿ ದಿನದ ಲೆಕ್ಕದ ಕಾಸಿನ ಬದಲು ಸುಗ್ಗಿಯ ಕಾಲಕ್ಕೆ ರೈತ ಕಾಳು ಅಳೆದು ಕೊಡುತ್ತಿದ್ದ. ಹೊಲವಿಲ್ಲದ ಅಂಬಿಗನಿಗೆ ಹೊಳೆಯೇ ಹೊಲ. ಅದರಲ್ಲಿ ಅವನು ಬೆಳೆದದ್ದು ಒಂದು ವಿದ್ಯೆ. ಮೈಯಲ್ಲಿ ಬಂದದ್ದಲ್ಲ, ಕೈಯಲ್ಲಿ ಬಂದದ್ದು.

ಈ ವಿದ್ಯೆ ದೋಣಿ ಕಟ್ಟುವುದರಿಂದಲೇ ಆರಂಭ. ಬಲಿತ ಬಿದಿರನ್ನು ಸೀಳಿ, ಹೆರೆದು, ಪಟ್ಟಿಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ ಹೆಣೆಯುತ್ತಾರೆ. ತಳ ಸಿದ್ಧವಾದ ಮೇಲೆ ಪಟ್ಟಿಗಳ ತುದಿಗಳನ್ನು ಮೇಲಕ್ಕೆ ಬಗ್ಗಿಸಿ ಸುತ್ತಲೂ ಹೆಣೆದುಕೊಂಡು ಬಂದು ಕೊನೆಗೆ ಬಾಯಿಗೆ ದಪ್ಪನೆಯ ಕಟ್ಟು ಹಾಕುತ್ತಾರೆ. ಹಿಂದೆ ಇದಕ್ಕೆ ತೊಗಲು ಹೊದಿಸಿ ಹೊಲಿಯುತ್ತಿದ್ದರು. ತೊಗಲು ನೀರಿನಲ್ಲೇ ಇದ್ದರೆ ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ದಡಕ್ಕೆ ಎಳೆದು ಬೋರಲು ಹಾಕಿ ಒಣಗಿಸಬೇಕಿತ್ತು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲದ ಹಾಳೆ ಮತ್ತು ಡಾಂಬರು ಬಂದಿದೆ, ನಾರುಗಾಜಿನ ಹರಿಗೋಲುಗಳೂ ಬಂದಿವೆ. ಆದರೂ ಬೋರಲು ಹಾಕುವ ಪದ್ಧತಿ ಬಿಟ್ಟಿಲ್ಲ. ಇಡೀ ದೋಣಿಗೆ ಒಂದು ಮೊಳೆಯೂ ಬೇಕಿಲ್ಲ. ಚಿಕ್ಕದಾದರೆ ಒಬ್ಬನೇ ಬೆನ್ನಿಗೆ ಹೊತ್ತು ನಡೆಯಬಹುದು. ದೂರದಿಂದ ನೋಡಿದವರಿಗೆ ದೊಡ್ಡದೊಂದು ಆಮೆ ಎರಡು ಕಾಲಿನ ಮೇಲೆ ಹೊರಟಂತೆ ಕಾಣುತ್ತದೆ.

ದುಂಡಗೇ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಹೊಳೆಯಲ್ಲೇ ಇದೆ. ಹಂಪಿ, ಆನೆಗೊಂದಿ, ಸಾಣಾಪುರದ ಸುತ್ತ ತುಂಗಭದ್ರೆ ಹರಿಯುವುದು ಬಂಡೆಗಳ ಮಧ್ಯೆ. ನೀರಿನ ಮೇಲೆ ಕಾಣುವ ಬಂಡೆಗಿಂತ ಒಂದು ಮೊಳ ಕೆಳಗೆ ಅಡಗಿರುವ ಬಂಡೆ ಅಪಾಯದ್ದು. ಚೂಪು ತಳದ ಉದ್ದ ದೋಣಿ ಅಂಥ ಕಡೆ ತಳ ಒಡೆದುಕೊಳ್ಳುತ್ತದೆ, ಇಲ್ಲವೇ ಎರಡು ಬಂಡೆಗಳ ಸಂದಿಗೆ ಸಿಕ್ಕಿ ಅಡ್ಡ ತಿರುಗುತ್ತದೆ. ದುಂಡು ಬುಟ್ಟಿಗೆ ಮುಂದು ಹಿಂದು ಎಂಬುದಿಲ್ಲ. ಬಂಡೆಗೆ ತಗುಲಿದರೆ ಬಿದಿರು ಬಾಗುತ್ತದೆ, ದೋಣಿ ಸುತ್ತಿಕೊಂಡು ಜಾರಿಹೋಗುತ್ತದೆ.

ಅದು ನೀರಿನಲ್ಲಿ ಎಷ್ಟು ಮುಳುಗುತ್ತದೆ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಹರಿಗೋಲಿನ ವ್ಯಾಸ ಎರಡೂವರೆ ಮೀಟರ್, ತಳ ಚಪ್ಪಟೆ ಎಂದು ಹಿಡಿಯೋಣ. ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್ ಆಯಿತು. ಅದು ಒಂದು ಸೆಂಟಿಮೀಟರ್ ಮುಳುಗಿದರೆ 49 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅಂದರೆ 49 ಕಿಲೋ ಭಾರ ತಡೆಯುತ್ತದೆ. 60 ಕಿಲೋ ತೂಕದ ಒಬ್ಬ ಮನುಷ್ಯ ಹತ್ತಿದರೆ ಒಂದೂಕಾಲು ಸೆಂಟಿಮೀಟರಿಗಿಂತಲೂ ಕಡಿಮೆ ಇಳಿಯುತ್ತದೆ. ಹತ್ತು ಜನ ಹತ್ತಿದರೂ ಹನ್ನೆರಡು ಸೆಂಟಿಮೀಟರ್, ಅರ್ಧ ಗೇಣಿನ ಆಸುಪಾಸು. ದೋಣಿಯ ತೂಕ ಸೇರಿಸಿದರೂ ಮೊಳಕಾಲು ಮುಳುಗದ ನೀರಿನಲ್ಲಿ ಅದು ತೇಲಿಹೋಗುತ್ತದೆ. ಆರ್ಕಿಮಿಡೀಸನ ತತ್ವವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಮಕ್ಕಳಿಗೆ ತಮ್ಮದೇ ಜಿಲ್ಲೆಯ ಈ ಉದಾಹರಣೆ ಯಾವ ಪಾಠಪುಸ್ತಕದಲ್ಲೂ ಸಿಗದಿರುವುದು ಸೋಜಿಗ.

ಲೆಕ್ಕ ಇಷ್ಟು ಸಲೀಸಾದರೂ ನಡೆಸುವುದು ಸಲೀಸಲ್ಲ. ಉದ್ದ ದೋಣಿಯ ಹುಟ್ಟನ್ನು ಹಿಂದಕ್ಕೆ ತಳ್ಳಿದರೆ ದೋಣಿ ಮುಂದಕ್ಕೆ ಹೋಗುತ್ತದೆ. ಹರಿಗೋಲಿನಲ್ಲಿ ಹಾಗೆ ತಳ್ಳಿದರೆ ಅದು ಇದ್ದಲ್ಲೇ ತಿರುಗುತ್ತದೆ. ಅಂಬಿಗ ಮುಂಬದಿಯಲ್ಲಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಕಡಗೋಲು ಆಡಿಸಿದ ಹಾಗೆ. ಒಂದು ಎಳೆತ ತಿರುಗಿಸಿದ್ದನ್ನು ಇನ್ನೊಂದು ಎಳೆತ ನೇರ ಮಾಡುತ್ತದೆ. ಹೊಳೆ ತುಂಬಿದಾಗ ಆಚೆ ದಡದ ಕಟ್ಟೆಗೆ ನೇರವಾಗಿ ಹೊರಡುವವನು ಹೊಸಬ. ಬಲ್ಲವನು ಮೊದಲು ದಡದ ಮಗ್ಗುಲಲ್ಲಿ, ಸೆಳವು ಕಡಿಮೆ ಇರುವ ನೀರಿನಲ್ಲಿ, ಮೇಲಕ್ಕೆ ಹೋಗುತ್ತಾನೆ. ಎಷ್ಟು ದೂರ ಹೋಗಬೇಕು ಎಂಬುದು ಆ ದಿನದ ನೀರಿನ ಬಣ್ಣ, ನೊರೆ, ತೇಲಿ ಬರುವ ಕಸ ಇವುಗಳಿಂದ ಅವನಿಗೆ ತಿಳಿಯುತ್ತದೆ. ಅಲ್ಲಿಂದ ಹೊಳೆಯ ನಡುವಿಗೆ ಬಿಟ್ಟುಕೊಟ್ಟರೆ ಸೆಳವೇ ದೋಣಿಯನ್ನು ಕೆಳಗೆ ತರುತ್ತದೆ. ಅವನು ಅಡ್ಡಕ್ಕೆ ಮಾತ್ರ ಎಳೆದರೆ ಸಾಕು, ಎದುರಿನ ಕಟ್ಟೆಗೆ ಸರಿಯಾಗಿ ತಾಗುತ್ತದೆ.

ಇಂಥ ದೋಣಿ ಕನ್ನಡನಾಡಿನದೊಂದೇ ಸೊತ್ತು ಎಂದು ಬೀಗಬೇಕಾಗಿಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಯೂಫ್ರೆಟಿಸ್ ನದಿಯಲ್ಲಿ ಬ್ಯಾಬಿಲೋನಿಗೆ ಇಳಿದು ಬರುವ ತೊಗಲಿನ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಪ್ರತಿ ದೋಣಿಯಲ್ಲೂ ಒಂದು ಕತ್ತೆ ಇರುತ್ತಿತ್ತಂತೆ. ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಮಡಚಿ ಕತ್ತೆಯ ಮೇಲೆ ಹೇರಿಕೊಂಡು ವರ್ತಕ ನಡೆದೇ ಊರಿಗೆ ಮರಳುತ್ತಿದ್ದ. ಇರಾಕಿನ ಕುಫ್ಫಾ ಎಂಬ ದೋಣಿ ಇಪ್ಪತ್ತನೆಯ ಶತಮಾನದವರೆಗೂ ಬಳಕೆಯಲ್ಲಿತ್ತು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲೂ ಇದರ ಸಣ್ಣ ತಮ್ಮನಿದ್ದಾನೆ. ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ಹೆಸರಾದ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲೆ ಏರಿಹೋದಾಗ ತನ್ನ ಸೈನ್ಯ ಹೊಳೆಗಳನ್ನು ದಾಟಲು ನೆಚ್ಚಿಕೊಂಡದ್ದು ಈ ನಾಡಿನ ಬುಟ್ಟಿ ದೋಣಿಗಳನ್ನೇ. ನೆಪೋಲಿಯನ್ನನನ್ನು ಸೋಲಿಸಿದವನಿಗೂ ಅಂಬಿಗನ ಹಂಗು ತಪ್ಪಲಿಲ್ಲ!

ಅಂಬಿಗನ ಕಸುಬಿಗೆ ಕನ್ನಡದಲ್ಲಿ ಇನ್ನೊಂದು ಗೌರವವುಂಟು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಬಹುಮಂದಿ ತಮ್ಮ ಇಷ್ಟದೇವರ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಚೌಡಯ್ಯ ಮಾತ್ರ ತನ್ನ ಕಸುಬನ್ನೂ ತನ್ನ ಹೆಸರನ್ನೂ ಸೇರಿಸಿ ಅಂಕಿತ ಮಾಡಿಕೊಂಡ. ವಚನದ ಕೊನೆಗೆ ದೇವರ ಹೆಸರು ಬರಬೇಕಾದಲ್ಲಿ ದೋಣಿ ನಡೆಸುವವನ ಹೆಸರು ಬಂತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ, ಇದೇ ತುಂಗಭದ್ರೆಯ ದಡದಲ್ಲಿರುವ ಊರು, ಆತನ ನೆನಪನ್ನು ಹೊತ್ತಿದೆ. ರಾಜ್ಯ ಸರ್ಕಾರ ಪ್ರತಿ ವರ್ಷ ಜನವರಿ 21ರಂದು ಆತನ ಜಯಂತಿ ಆಚರಿಸುತ್ತದೆ. ಶಾಲೆಗಳಲ್ಲಿ ಫೋಟೋಗೆ ಹಾರ ಬೀಳುತ್ತದೆ. ಹರಿಗೋಲಿನ ಬಗ್ಗೆ ಅಂದು ಒಂದು ಮಾತು ಹೇಳುವ ಶಿಕ್ಷಕರೂ ಕೆಲವರು ಇರಬಹುದು.

ಇನ್ನು ಗಡಿಯ ವಿಷಯ. ಬಜಾವ್ ಜನರ ಸಮುದ್ರದ ಮೇಲೆ ಇಂದು ಮೂರು ದೇಶಗಳ ಗಡಿಗೆರೆ ಹಾದುಹೋಗಿದೆ. ಅಜ್ಜ ಮೀನು ಹಿಡಿದ ಜಾಗದಲ್ಲೇ ಮೊಮ್ಮಗ ಮೀನು ಹಿಡಿದರೆ ಅವನು ಪರದೇಶಿ. ಸಬಾದಲ್ಲಿರುವ ಬಜಾವ್ ಲಾವುತ್, ಅಂದರೆ ಕಡಲ ಬಜಾವ್, ಜನರಲ್ಲಿ ಎಷ್ಟೋ ಮಂದಿಗೆ ಯಾವ ದೇಶದ ಕಾಗದವೂ ಇಲ್ಲ. ಜನನಪತ್ರವಿಲ್ಲದ ಮಗುವಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಯುವುದು ಕಷ್ಟ. 2024ರ ಜೂನ್‌ನಲ್ಲಿ ಅಲ್ಲಿಯ ಸೆಂಪೋರ್ನಾ ಬಳಿಯ ಸಾಗರ ಉದ್ಯಾನದ ದ್ವೀಪಗಳಲ್ಲಿ ಇಂಥ ನೂರಾರು ಜನರ ಗುಡಿಸಲುಗಳನ್ನು ಅಧಿಕಾರಿಗಳು ಕೆಡವಿದರು. ವಿಚಿತ್ರವೆಂದರೆ ಅದೇ ಸೆಂಪೋರ್ನಾದಲ್ಲಿ ಬಣ್ಣಬಣ್ಣದ ಹಾಯಿ ಕಟ್ಟಿದ ಲೆಪಾ ದೋಣಿಗಳ ಉತ್ಸವ ಪ್ರತಿ ವರ್ಷ ನಡೆಯುತ್ತದೆ, ನೋಡಲು ಪ್ರವಾಸಿಗರು ಬರುತ್ತಾರೆ. ದೋಣಿ ಬೇಕು, ದೋಣಿಯವನು ಬೇಡ.

ತುಂಗಭದ್ರೆಯ ಅಂಬಿಗನೂ ಒಂದು ಕಾಲಕ್ಕೆ ಗಡಿ ದಾಟಿಸುವವನೇ ಆಗಿದ್ದ ಎಂಬುದನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಹೊಳೆಯೇ ಎಲ್ಲೆಯಾಯಿತು. ಆನೆಗೊಂದಿ, ಗಂಗಾವತಿ, ಕೊಪ್ಪಳ, ಕುಷ್ಟಗಿ, ತಾವರಗೇರಾ ಎಲ್ಲ ಹೈದರಾಬಾದ್ ಸಂಸ್ಥಾನದ ಕಡೆಗೆ. ಎದುರು ದಡದ ಹಂಪಿ, ಕಮಲಾಪುರ, ಹೊಸಪೇಟೆ ಮದರಾಸು ಪ್ರಾಂತಕ್ಕೆ. ಅಲ್ಲಿ ನಡೆಯುವ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಕಾಯಿದೆ ಬೇರೆ. ವಿರೂಪಾಕ್ಷನ ತೇರಿಗೆ ಹೊರಟ ಮುದುಕಿ ಹರಿಗೋಲು ಹತ್ತಿ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗುತ್ತಿದ್ದಳು. 1947ರ ಆಗಸ್ಟ್ 15ರಂದು ಆ ದಡಕ್ಕೆ ಸ್ವಾತಂತ್ರ್ಯ ಬಂತು, ಈ ದಡಕ್ಕೆ ಬರಲಿಲ್ಲ. ಮುಂದಿನ ಹದಿಮೂರು ತಿಂಗಳು ರಜಾಕಾರರ ಹಾವಳಿಗೆ ಅಂಜಿ ಜನ ಗಡಿಯಾಚೆಗೆ ಹೋದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಹೊಳೆ ಇದ್ದಲ್ಲಿ ಗಡಿಯೆಂದರೆ ಹೊಳೆಯೇ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಆದರೂ 1956ರ ನವೆಂಬರ್ 1ರವರೆಗೆ ಎರಡು ದಡ ಎರಡು ರಾಜ್ಯಗಳಲ್ಲೇ ಇದ್ದವು. ಅಂಬಿಗ ಮಾತ್ರ ಎರಡೂ ಕಡೆಯವನಾಗಿದ್ದ. ಬಜಾವ್ ಜನರಿಗೆ ಸಿಗದ ಒಂದು ಭಾಗ್ಯ ಅವನಿಗೆ ಸಿಕ್ಕಿತು: ಗಡಿ ಅಳಿಸಿತು, ಅವನು ಪೌರನಾಗಿ ಉಳಿದ.

ಗಡಿ ಅಳಿಸುವ ಮೊದಲೇ ಹೊಳೆ ಬದಲಾಗತೊಡಗಿತ್ತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಒಂದು ದಡದಲ್ಲಿ ಹೈದರಾಬಾದಿನ ಯುವರಾಜ, ಇನ್ನೊಂದು ದಡದಲ್ಲಿ ಮದರಾಸಿನ ಗವರ್ನರ್, ಹೀಗೆ ಎರಡು ಅಡಿಗಲ್ಲು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ಗಂಗಾವತಿ, ಸಿಂಧನೂರು ಕಡೆಯ ನೆಲದಲ್ಲಿ ಭತ್ತ ತೂಗಾಡಿತು. ಈ ಅಣೆಕಟ್ಟಿನ ಉಪಕಾರವನ್ನು ಅಲ್ಲಗಳೆಯುವ ರೈತ ಆ ಭಾಗದಲ್ಲಿ ಸಿಗಲಾರ. ಆದರೆ ಅಂಬಿಗನ ಲೆಕ್ಕವೇ ಬೇರೆ. ಹೊಳೆಗೆ ನೀರು ಬರುವುದು ಇನ್ನು ಮೇಲೆ ಮಳೆಯ ಮಾತಲ್ಲ, ಗೇಟಿನ ಮಾತು. ಅಜ್ಜ ನಕ್ಷತ್ರ ನೋಡಿ ಹೇಳುತ್ತಿದ್ದ ಪ್ರವಾಹ ಈಗ ಮುನಿರಾಬಾದಿನ ಸೂಚನೆ ನೋಡಿ ಬರುತ್ತದೆ. ಬೇಸಗೆಯಲ್ಲಿ ಅಣೆಕಟ್ಟಿನ ಕೆಳಗೆ ಬಂಡೆಗಳ ನಡುವೆ ಮಡುಗಳಷ್ಟೇ ಉಳಿಯುತ್ತವೆ.

ಅಣೆಕಟ್ಟಿನ ಮೇಲ್ಭಾಗದಲ್ಲಿ 378 ಚದರ ಕಿಲೋಮೀಟರ್ ವಿಸ್ತಾರದ ಜಲರಾಶಿ ನಿಂತಿತು. ಮೀನುಗಾರನಿಗೆ ಇದು ಹಬ್ಬವಾಗಬೇಕಿತ್ತು. ಎಷ್ಟೋ ಮಂದಿಗೆ ಆದದ್ದೂ ಉಂಟು. ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು ಬೆಳೆಸುವುದು ಬಂತು. ಆದರೆ ಹರಿವ ಹೊಳೆ ಯಾರಪ್ಪನದೂ ಅಲ್ಲ ಎಂಬ ಕಾಲ ಹೋಗಿ, ನಿಂತ ನೀರಿಗೆ ಪರವಾನಗಿ, ಗುತ್ತಿಗೆ, ಟೆಂಡರು ಬಂದವು. ಬಲೆ ಹಾಕಲು ಬಲ್ಲವನು ಒಬ್ಬ, ಹಣ ಕಟ್ಟಬಲ್ಲವನು ಇನ್ನೊಬ್ಬ. ಕುಷ್ಟಗಿ, ಯಲಬುರ್ಗಾ ಕಡೆಯ ಕೆರೆಗಳಲ್ಲೂ ಇದೇ ಹಾಡು. ಅಲ್ಲಿ ಜೊತೆಗೆ ಮಳೆ ಕೈಕೊಟ್ಟರೆ ಕೆರೆಯೇ ಇಲ್ಲ, ಗುತ್ತಿಗೆಯ ದುಡ್ಡು ಮಾತ್ರ ಹೋದದ್ದು ಹೋಯಿತು. ಗಂಗಾಮತ, ಕೋಲಿ, ಕಬ್ಬಲಿಗ ಮುಂತಾದ ಹೆಸರುಗಳ ಈ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳಿಂದ ಬೆಂಗಳೂರು ಮತ್ತು ದೆಹಲಿಯ ನಡುವೆ ಹರಿಗೋಲಿನಂತೆ ಸುತ್ತುತ್ತಿದೆ.

ಅಣೆಕಟ್ಟು ನೀರನ್ನು ತೆಗೆದುಕೊಂಡಿತು. ಸೇತುವೆ ಪ್ರಯಾಣಿಕರನ್ನು ತೆಗೆದುಕೊಂಡಿತು. ಸೇತುವೆ ಕಟ್ಟುವ ಆಸೆ ಹೊಸದಲ್ಲ. ವಿಠ್ಠಲ ದೇವಾಲಯಕ್ಕೆ ಹೋಗುವವರು ಹೊಳೆಯ ನಡುವೆ ಸಾಲಾಗಿ ನಿಂತ ಕಲ್ಲುಕಂಬಗಳನ್ನು ನೋಡಿರುತ್ತಾರೆ. ಅದು ವಿಜಯನಗರ ಕಾಲದ ಸೇತುವೆಯ ಅವಶೇಷ. ಸಾಮ್ರಾಜ್ಯದ ಕಲ್ಲಿನ ಸೇತುವೆ ಬಿತ್ತು, ಬಿದಿರಿನ ಬುಟ್ಟಿ ಉಳಿಯಿತು. 1990ರ ದಶಕದಲ್ಲಿ ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಹೊಸ ಸೇತುವೆಯ ಕೆಲಸ ಆರಂಭವಾಯಿತು. ಸ್ಮಾರಕಗಳ ನಡುವೆ ಇಂಥ ಕಟ್ಟಡ ಸಲ್ಲದು ಎಂದು ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. ಕೆಲಸ ನಿಂತು, ಮತ್ತೆ ಹೊರಟು, ಮುಗಿಯುವ ಹಂತಕ್ಕೆ ಬಂದಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ದುಡಿಯುತ್ತಿದ್ದ ಕೂಲಿಕಾರರು ಅದರಡಿ ಸಿಕ್ಕಿ ಸತ್ತರು. ಆಮೇಲೆ ಕೆಳಗಿನ ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ ಬೇರೊಂದು ಸೇತುವೆ ಬಂತು. ಬಸ್ಸು, ಲಾರಿ, ಭತ್ತದ ಟ್ರಾಕ್ಟರು ಎಲ್ಲ ಈಗ ಆ ದಾರಿಯಲ್ಲಿ ಓಡಾಡುತ್ತವೆ.

ಸೇತುವೆ ಬಂದದ್ದು ಕೆಟ್ಟದ್ದು ಎಂದು ಹೇಳುವವರು ರಾತ್ರಿ ಹೊತ್ತು ಹೆರಿಗೆ ನೋವು ತಿನ್ನುವ ಹೆಂಗಸನ್ನು ಹರಿಗೋಲಿನಲ್ಲಿ ದಾಟಿಸಿದವರಲ್ಲ. ದೂರ ಹೋಗಬೇಕಿಲ್ಲ, ದೋಆಬಿನ ಇನ್ನೊಂದು ಅಂಚಿನಲ್ಲಿ, ರಾಯಚೂರು ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಗಳಲ್ಲಿ ಇದನ್ನು ನೋಡಬಹುದು. ಅಲ್ಲಿಯ ಮಕ್ಕಳಿಗೆ ಪ್ರಾಥಮಿಕ ತರಗತಿಯ ಆಚೆ ಓದಬೇಕೆಂದರೆ ಹೊಳೆ ದಾಟಬೇಕು. 2020ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಅಲ್ಲಿಯ ಹರಿಗೋಲೊಂದು ಮಗುಚಿ ನಾಲ್ವರು ಕೊಚ್ಚಿಹೋದರು. ಹರಿಗೋಲು ಸುಲಭಕ್ಕೆ ಮುಳುಗದು, ನಿಜ. ಆದರೆ ಹೆದರಿದ ಜನ ಎಲ್ಲರೂ ಒಂದೇ ಮಗ್ಗುಲಿಗೆ ವಾಲಿದರೆ ಯಾವ ಅಂಬಿಗನೂ ಏನೂ ಮಾಡಲಾರ. ಬಜಾವ್ ಮಗುವಿಗೆ ಶಾಲೆಯನ್ನು ತಪ್ಪಿಸಿದ್ದು ಕಾಗದ, ನಡುಗಡ್ಡೆಯ ಮಗುವಿಗೆ ಮಳೆಗಾಲ. ಎರಡಕ್ಕೂ ದೋಣಿ ಪರಿಹಾರವಲ್ಲ.

ಹಾಗಾದರೆ ಹಳೆಯ ವಿದ್ಯೆ ಹೋದರೆ ಹೋಗಲಿ ಎನ್ನಬಹುದೇ? 2019ರ ಆಗಸ್ಟ್ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿತು. ಅಣೆಕಟ್ಟಿನಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆ ಸುತ್ತಲೂ ನೀರಾಗಿ, ನೂರಾರು ಪ್ರವಾಸಿಗರು ಸಿಕ್ಕಿಕೊಂಡರು. ವಿಪತ್ತು ಪಡೆಯ ಮೋಟಾರು ದೋಣಿಗಳು ಬಂದವು. ಅವುಗಳಲ್ಲಿ ಒಂದು ಸೆಳವಿಗೆ ಸಿಕ್ಕಿ ಮಗುಚಿ, ರಕ್ಷಿಸಲು ಹೋದ ಸಿಬ್ಬಂದಿಯೇ ನೀರಿಗೆ ಬಿದ್ದರು. ಅವರನ್ನು ಹೆಲಿಕಾಪ್ಟರ್ ಮೇಲೆತ್ತಬೇಕಾಯಿತು. ಅವರ ಧೈರ್ಯಕ್ಕೆ ಕೊರತೆಯಿರಲಿಲ್ಲ, ಯಂತ್ರಕ್ಕೂ ಕೊರತೆಯಿರಲಿಲ್ಲ. ಯಾವ ಬಂಡೆ ಎಷ್ಟು ನೀರಿನಲ್ಲಿ ಅಡಗುತ್ತದೆ, ಅಡಗಿದಾಗ ಅದರ ಹಿಂದೆ ಸುಳಿ ಯಾವ ಕಡೆಗೆ ತಿರುಗುತ್ತದೆ ಎಂಬುದು ಮಾತ್ರ ಯಾವ ನಕಾಶೆಯಲ್ಲೂ ಇಲ್ಲ. ಅದು ಇರುವುದು ದಡದ ಕೇರಿಯ ಕೆಲವು ಮುದುಕರ ತಲೆಯಲ್ಲಿ. ಬಂಡೆಯ ಮೇಲಿಂದ ತಿಳಿಯದೆ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ ಪ್ರವಾಸಿಗರ ಸುದ್ದಿ ಬಂದಾಗಲೆಲ್ಲ ಆ ಮಾತು ನೆನಪಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ಹೊಳೆಗೆ ಬಿಡದೆ ಗತ್ಯಂತರವಿರಲಿಲ್ಲ. ಎಂಜಿನಿಯರುಗಳು ಹಗಲು ರಾತ್ರಿ ದುಡಿದು ಒಂದು ವಾರದಲ್ಲಿ ಉಕ್ಕಿನ ಹಲಗೆಗಳನ್ನು ಇಳಿಸಿ ನೀರು ತಡೆದದ್ದು ದೊಡ್ಡ ಸಾಹಸವೇ. ಆ ವಾರವೆಲ್ಲ ಕೆಳಗಿನ ಊರುಗಳಲ್ಲಿ ಹರಿಗೋಲುಗಳು ದಡ ಬಿಟ್ಟು ಮೇಲೆ, ಮನೆಗಳ ಗೋಡೆಗೆ ಆನಿಸಿ ನಿಂತಿದ್ದವು.

ಈಗ ಹರಿಗೋಲಿಗೆ ಕೆಲಸ ಕೊಡುತ್ತಿರುವುದು ಹೆಚ್ಚಾಗಿ ಪ್ರವಾಸಿಗರು. ಆನೆಗೊಂದಿಯಿಂದ ನವವೃಂದಾವನಕ್ಕೆ ಹೋಗುವ ಭಕ್ತರು, ಸಾಣಾಪುರದ ಕೆರೆಯಲ್ಲಿ ವಿಹರಿಸಲು ಬರುವ ಹೊರನಾಡಿನವರು. ದೋಣಿಯನ್ನು ಬುಗುರಿಯಂತೆ ಗಿರ್ರನೆ ತಿರುಗಿಸಿದರೆ ಪ್ರವಾಸಿಗರು ಕೇಕೆ ಹಾಕುತ್ತಾರೆ, ಬಾಡಿಗೆಯ ಮೇಲೆ ಹತ್ತು ಇಪ್ಪತ್ತು ಹೆಚ್ಚು ಸಿಗುತ್ತದೆ. ಹಳೆಯ ಅಂಬಿಗರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಸುತ್ತದಂತೆ ನಡೆಸುವುದೇ ವಿದ್ಯೆ, ಸುತ್ತಿಸುವುದಕ್ಕೆ ಏನು ಬೇಕು? ಹೊಳೆಯ ಈ ಪಾತ್ರದಲ್ಲಿ ಅವರ ಜೊತೆಗಾರರಾಗಿ ನೀರುನಾಯಿಗಳೂ ಇವೆ. ಅಣೆಕಟ್ಟಿನಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಗೆ ಹೊಳೆಯಲ್ಲಿ ಒಂದು ಹಕ್ಕು ಲಿಖಿತವಾಗಿ ಸಿಕ್ಕಿತು. ಅಂಬಿಗನದು ಇನ್ನೂ ಬಾಯಿಮಾತಿನಲ್ಲೇ ಇದೆ.

ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಕಡೆಯ ಸಮುದ್ರದಲ್ಲಿ ಬಜಾವ್ ಜನರಂತೆಯೇ ಬದುಕುವ ಮೋಕೆನ್ ಎಂಬ ಜನರಿದ್ದಾರೆ. ಅವರ ಮಕ್ಕಳಿಗೆ ನೀರಿನೊಳಗೆ ಯುರೋಪಿನ ಮಕ್ಕಳ ಎರಡು ಪಟ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಸ್ವೀಡನ್ನಿನ ಆನ್ನಾ ಯಿಸ್ಲೆನ್ 2003ರಲ್ಲಿ ತೋರಿಸಿಕೊಟ್ಟರು. ಇದು ಹುಟ್ಟಿನಿಂದ ಬಂದದ್ದಿರಬೇಕು ಎಂದು ಎಲ್ಲರೂ ಊಹಿಸುವಷ್ಟರಲ್ಲಿ ಅವರೇ ಸ್ವೀಡನ್ನಿನ ಕೆಲವು ಮಕ್ಕಳಿಗೆ ಅಭ್ಯಾಸ ಮಾಡಿಸಿ ನೋಡಿದರು. ಸ್ವಲ್ಪ ಕಾಲದಲ್ಲಿ ಅವರಿಗೂ ಹಾಗೆಯೇ ಕಾಣತೊಡಗಿತು.

ಆನೆಗೊಂದಿಯ ದಡದಲ್ಲಿ ಈ ಅಭ್ಯಾಸ ಶುರುವಾಗುವುದು ಬೇಸಗೆಯ ರಜೆಯಲ್ಲಿ, ಹೊಳೆ ಇಳಿದಾಗ. ಹುಡುಗನ ಕೈಗೆ ಹುಟ್ಟು ಕೊಟ್ಟು ಮಡುವಿನ ನಿಂತ ನೀರಿಗೆ ಬಿಡುತ್ತಾರೆ. ಅವನು ಎಳೆದಂತೆಲ್ಲ ದೋಣಿ ಸುತ್ತುತ್ತದೆ, ದಡ ಒಮ್ಮೆ ಎದುರಿಗೆ ಒಮ್ಮೆ ಬೆನ್ನಿಗೆ. ದಡದಲ್ಲಿ ಬಲೆ ಸರಿಮಾಡುತ್ತ ಕೂತ ಹಿರಿಯರು ಕೆಲಹೊತ್ತು ನಗುತ್ತಾರೆ. ಆಮೇಲೆ ಯಾರಾದರೊಬ್ಬರು ಕೂತಲ್ಲಿಂದಲೇ ಕೂಗುತ್ತಾರೆ: ತಳ್ಳಬ್ಯಾಡ, ನಿನ್ನ ಕಡೆ ಎಳಕೋ.